ಮರುದಿನದ ಕಾಲುನೋವು ಯಾಕೆ?

ಪ್ರಶ್ನೆ: ಸರ್, ನಾನು 800 ಮೀಟರ್ ಓಟಗಾರ. ಜೋರಾಗಿ ಪ್ರಾಕ್ಟೀಸ್ ಮಾಡಿದ ಮರುದಿನ ಮೆಟ್ಟಿಲು ಇಳಿಯಲೂ ಆಗುವುದಿಲ್ಲ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತಾರೆ. ನಿಜವಾ?

ಉತ್ತರ: ಖಂಡಿತ ಅಲ್ಲ. ಓಡುವಾಗ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ದೇಹದಲ್ಲಿ ಇರುವ ರೂಪ) ಒಂದೆರಡು ಗಂಟೆಯಲ್ಲೇ ಇಳಿದುಹೋಗುತ್ತದೆ, ಅದು ಕಸವೂ ಅಲ್ಲ, ಹೃದಯ ಮತ್ತು ಸ್ನಾಯುಗಳು ಅದನ್ನೇ ಇಂಧನ ಮಾಡಿಕೊಳ್ಳುತ್ತವೆ. ಪಾಪ, ಸುಮ್ನೆ ಅದರ ಮೇಲೆ ಅಪವಾದ! ನಿಮ್ಮ ನೋವು ಸ್ನಾಯುವಿನ ಎಳೆಗಳಲ್ಲಾದ ಸಣ್ಣ ಸಣ್ಣ ಗಾಯದ್ದು. ಇಳಿಜಾರಿನಲ್ಲಿ ಓಡುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಅಲ್ಲಿ ಜಾಸ್ತಿ. 24ರಿಂದ 72 ಗಂಟೆ ಕಾಡುತ್ತದೆ. ಹಾಗಂತ ಮಲಗಿಬಿಡಬೇಡಿ, ಮಾತಾಡುತ್ತಾ ಓಡುವಷ್ಟು ನಿಧಾನಕ್ಕೆ 20 ನಿಮಿಷ ಜಾಗ್ ಮಾಡಿ. ಸ್ಪ್ರಿಂಟ್ ಬೇಡ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.