ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಂಗಪುರದ ಅನುದಾನ, ಕಿರಾಣಾ ಬಜಾರದ ವಹಿ

ಪ್ರಶ್ನೆ: ನನ್ನ ತಮ್ಮ ಸಿಂಗಪುರದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿನ ಸರ್ಕಾರ ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳಲು ಅರ್ಧ ಹಣ ಕೊಡುತ್ತದೆ, ತಿಂಡಿ ಅಂಗಡಿಯವರಿಗೆ ಕ್ಯೂಆರ್ ಕೋಡ್ ಬಳಸಿದ್ದಕ್ಕೇ ತಿಂಗಳಿಗೆ 300 ಡಾಲರ್ ಕೊಟ್ಟಿತ್ತು ಎನ್ನುತ್ತಾನೆ. ಇದು ನಿಜವೇ? ಕಿರಾಣಾ ಬಜಾರದಲ್ಲಿ ನನ್ನದು ಬೇಳೆಕಾಳಿನ ಚಿಲ್ಲರೆ ಅಂಗಡಿ. ಲೆಕ್ಕವೆಲ್ಲ ಇನ್ನೂ ವಹಿಯಲ್ಲೇ ಇದೆ. ಅಂಥ ಅನುದಾನ ನಮಗೂ ಸಿಕ್ಕರೆ ನಾನೂ ಬದಲಾಗಬಹುದಲ್ಲವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ತಮ್ಮನವರು ಹೇಳಿದ್ದು ನಿಜ, ಆದರೆ ಅವು ಎರಡು ಬೇರೆ ಯೋಜನೆಗಳು. ಸಿಂಗಪುರ 2017ರಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳನ್ನು ಡಿಜಿಟಲ್ ವ್ಯವಸ್ಥೆಗೆ ತರುವ ಕಾರ್ಯಕ್ರಮವನ್ನು ಆರಂಭಿಸಿತು; ಅದರ ಮರುವರ್ಷ ‘ಪ್ರೊಡಕ್ಟಿವಿಟಿ ಸಲ್ಯೂಷನ್ಸ್ ಗ್ರಾಂಟ್’ ಎಂಬ ಅನುದಾನ ಬಂತು. ಬಿಲ್ಲಿಂಗ್, ದಾಸ್ತಾನು, ಸಂಬಳದ ಲೆಕ್ಕ ಇಂಥವಕ್ಕೆ ಬೇಕಾದ ಸಾಫ್ಟ್‌ವೇರ್ ಕೊಂಡರೆ ವೆಚ್ಚದ ಅರ್ಧದವರೆಗೆ ಸರ್ಕಾರ ಭರಿಸುತ್ತದೆ. ಕೋವಿಡ್ ಕಾಲದಲ್ಲಿ ಇದು ಶೇ 80ರವರೆಗೂ ಏರಿತ್ತು. ಆದರೆ ಅಂಗಡಿಯವನು ಮೊದಲು ತನ್ನ ಕೈಯಿಂದ ಪೂರ್ತಿ ಹಣ ಕೊಟ್ಟು, ಬಳಸಲು ಆರಂಭಿಸಿ, ಆಮೇಲೆ ರಸೀದಿ ತೋರಿಸಿ ಸರ್ಕಾರದ ಪಾಲನ್ನು ಹಿಂದಕ್ಕೆ ಪಡೆಯಬೇಕು. ಇಷ್ಟು ಬಿಗಿ ಇದ್ದರೂ ಅನುದಾನದ ಆಸೆಗೆ ಮೋಸ ಮಾಡಿದವರ ಮೇಲೆ ಅಲ್ಲಿಯೂ ಪೊಲೀಸ್ ತನಿಖೆಗಳು ನಡೆದಿವೆ.

ಮುನ್ನೂರು ಡಾಲರಿನ ಕಥೆ 2020ರ ಜೂನ್ ತಿಂಗಳದ್ದು. ಒಂದೇ ಸೂರಿನಡಿ ಸಾಲಾಗಿ ಇರುವ ಸಣ್ಣ ತಿಂಡಿ ಅಂಗಡಿಗಳ ಸಮುಚ್ಚಯವನ್ನು ಅಲ್ಲಿ ‘ಹಾಕರ್ ಸೆಂಟರ್’ ಎನ್ನುತ್ತಾರೆ. ಅಲ್ಲಿನ ಅಂಗಡಿಯವರು ತಿಂಗಳಿಗೆ ಕನಿಷ್ಠ 20 ಪಾವತಿಗಳನ್ನು ಕ್ಯೂಆರ್ ಮೂಲಕ ಪಡೆದರೆ 300 ಸಿಂಗಪುರ ಡಾಲರ್, ಅದೂ ಐದು ತಿಂಗಳು ಮಾತ್ರ. ನಮ್ಮ ಬೀದಿಬದಿ ವ್ಯಾಪಾರಿಗಳಿಗೂ ಅದೇ ತಿಂಗಳು ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ, ಡಿಜಿಟಲ್ ಪಾವತಿ ಪಡೆದವರಿಗೆ ವರ್ಷಕ್ಕೆ 1,200 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ಮೊತ್ತದಲ್ಲಿ ಅಜಗಜಾಂತರವಿದ್ದರೂ ಉಪಾಯ ಒಂದೇ.

ಆದರೆ ಆ ದೇಶದಿಂದ ನಾವು ಕಲಿಯಬೇಕಾದದ್ದು ಹಣದ ವಿಷಯವಲ್ಲ ಎಂಬುದು ನನ್ನ ಅಭಿಪ್ರಾಯ. ವಿಸ್ತೀರ್ಣದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸುಮಾರು ಹದಿನೈದನೇ ಒಂದು ಭಾಗದಷ್ಟಿರುವ, ಸುಮಾರು 60 ಲಕ್ಷ ಜನರ ಆ ದ್ವೀಪದಲ್ಲಿ ಸರ್ಕಾರ ಮಾಡಿದ ಎರಡು ಕೆಲಸಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು, ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂಬ ತಲೆನೋವನ್ನು ಅಂಗಡಿಯವನ ಮೇಲೆ ಹೊರಿಸಲಿಲ್ಲ. ಮೊದಲೇ ಪರಿಶೀಲಿಸಿ ಒಪ್ಪಿದ ಸಾಫ್ಟ್‌ವೇರುಗಳ ಪಟ್ಟಿಯೊಂದನ್ನು ಮುಂದಿಟ್ಟು, ಕಿರಾಣಿಯವರಿಗೆ ಒಂದು, ಹೋಟೆಲಿನವರಿಗೆ ಇನ್ನೊಂದು ಎಂಬಂತೆ ಆಯಾ ಕಸುಬಿನವರು ಮೊದಲು ಯಾವ ಮೆಟ್ಟಿಲು ಹತ್ತಬೇಕು, ಆಮೇಲೆ ಯಾವುದು ಎಂಬ ದಾರಿಯನ್ನೂ ಬರೆದುಕೊಟ್ಟಿತು. ಎರಡನೆಯದು, ಹಾಕರ್ ಸೆಂಟರುಗಳಿಗೆ ಮನುಷ್ಯರನ್ನು ಕಳುಹಿಸಿತು. 2020ರಲ್ಲಿ ‘ಡಿಜಿಟಲ್ ರಾಯಭಾರಿ’ಗಳೆಂದು ಸುಮಾರು ಸಾವಿರ ಜನರನ್ನು ನೇಮಿಸಿಕೊಂಡು ಅಂಗಡಿ ಅಂಗಡಿಗೆ ಅಟ್ಟಿದರು. ಕೈಯಲ್ಲಿ ಸೌಟು ಹಿಡಿದ ಎಪ್ಪತ್ತರ ವೃದ್ಧೆಗೆ ಕರಪತ್ರ ಕೊಟ್ಟರೆ ಏನು ಪ್ರಯೋಜನ? ಪಕ್ಕದಲ್ಲಿ ನಿಂತು ತೋರಿಸಬೇಕು, ಬೇಕಾದರೆ ಮತ್ತೆ ಬಂದು ತೋರಿಸಬೇಕು.

ಪಾವತಿಯ ವಿಷಯದಲ್ಲಿ ನಾವು ಅವರಿಗಿಂತ ಹಿಂದಿಲ್ಲ. ಯುಪಿಐ ನಮ್ಮಲ್ಲಿ 2016ರಲ್ಲಿ ಬಂತು. ಅದೇ ಬಗೆಯ ಅವರ ಪಾವತಿ ವ್ಯವಸ್ಥೆ ಪೇನೌ ಬಂದದ್ದು 2017ರಲ್ಲಿ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಒಂದೊಂದು ಕಂಪನಿಯದೊಂದು ಚೀಟಿ ಅಂಟಿಸಿಕೊಳ್ಳುವ ಗೊಂದಲವಿದ್ದುದರಿಂದ, 2018ರಲ್ಲಿ 27 ಬಗೆಯ ಪಾವತಿ ವ್ಯವಸ್ಥೆಗಳನ್ನು ಎಸ್‌ಜಿಕ್ಯೂಆರ್ ಎಂಬ ಒಂದೇ ಚೀಟಿಗೆ ತರಬೇಕಾಯಿತು. ನಮ್ಮಲ್ಲಿ ಯಾವ ಆ್ಯಪಿನಿಂದಲಾದರೂ ಯಾವ ಯುಪಿಐ ಕೋಡಿಗಾದರೂ ಹಣ ಹೋಗುತ್ತದೆ, ಮತ್ತು 2020ರ ಜನವರಿಯಿಂದ ವ್ಯಾಪಾರಿಗೆ ಅದರ ಮೇಲೆ ಶುಲ್ಕವೂ ಇಲ್ಲ.

ನಮ್ಮ ಕೊರತೆ ಇರುವುದು ಲೆಕ್ಕದಲ್ಲಿ. ಕಳೆದ ತಿಂಗಳು ನಿಮ್ಮದೇ ಬಜಾರದ ಅಂಗಡಿಯೊಂದರಲ್ಲಿ ಅರ್ಧ ತಾಸು ಕುಳಿತಿದ್ದೆ. ಸೌಂಡ್‌ಬಾಕ್ಸ್ ‘ನೂರಾ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುತ್ತಿದ್ದಂತೆ ಮಾಲೀಕರು ತೊಗರಿ ಬೇಳೆ ತೂಗುವುದನ್ನು ನಿಲ್ಲಿಸಿ, ಕೆಂಪು ಬಟ್ಟೆಯ ಹೊದಿಕೆಯ ವಹಿ ತೆರೆದು, ‘ಈಗ ಹಾಕಿದವರ್ಯಾರ್ರೀ?’ ಎಂದು ಗಿರಾಕಿಗಳ ಗುಂಪಿಗೆ ಕೇಳಿದರು. ನಾಲ್ಕು ಜನ ನಿಂತಿದ್ದರು, ಇಬ್ಬರು ಕೈ ಎತ್ತಿದರು. ‘ಡಬ್ಬಿ ಏನೋ ಮಾತಾಡ್ತದ್ರೀ, ಆದ್ರ ಯಾರು ಕೊಟ್ಟಾರ ಅಂತ ಹೇಳಂಗಿಲ್ಲ’ ಎಂದು ನನ್ನ ಕಡೆ ತಿರುಗಿ ನಕ್ಕರು.

ನೀವು ಸಾಫ್ಟ್‌ವೇರ್ ಆರಿಸುವಾಗ ಈ ಒಂದು ಕೆಲಸ ಆಗುತ್ತದೆಯೇ ಎಂದು ಮೊದಲು ನೋಡಿ: ಬಂದ ಹಣ ತಾನಾಗಿ ಗಿರಾಕಿಯ ಖಾತೆಗೆ ಸೇರಬೇಕು, ಇಲ್ಲವೇ ಒಂದು ಒತ್ತಿಗೆ ಸೇರುವಂತಿರಬೇಕು. ಇನ್ನೊಂದು ಮಾತು ಉದ್ರಿಯದ್ದು. ಎಷ್ಟೋ ಬಿಲ್ಲಿಂಗ್ ಆ್ಯಪ್‌ಗಳು ಮೂವತ್ತು ದಿನಕ್ಕೆ ಬಾಕಿಯನ್ನು ಕೆಂಪಕ್ಷರದಲ್ಲಿ ತೋರಿಸಿ ಗಿರಾಕಿಗೆ ನೆನಪಿನ ಸಂದೇಶ ಕಳುಹಿಸುತ್ತವೆ. ಮುಂಗಾರಿನಲ್ಲಿ ಉದ್ರಿ ಒಯ್ದ ರೈತ ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯಾದ ಮೇಲೆ ಕೊಡುತ್ತಾನೆಂಬುದು ನಿಮಗೆ ಗೊತ್ತು, ಆ್ಯಪಿಗೆ ಗೊತ್ತಿಲ್ಲ. ಆಗಸ್ಟಿನಲ್ಲಿ ಹೋದ ಇಂಥ ಒಂದು ಸಂದೇಶದಿಂದ ಇಪ್ಪತ್ತು ವರ್ಷದ ಗಿರಾಕಿ ಮುನಿಸಿಕೊಂಡು ಎದುರಿನ ಅಂಗಡಿಗೆ ಹೋಗಬಹುದು. ಆದ್ದರಿಂದ ಬಾಕಿಯ ಗಡುವನ್ನು ಗಿರಾಕಿವಾರು ಬದಲಿಸಲು ಬರುವಂಥದ್ದನ್ನೇ ಆರಿಸಿ, ತಾನಾಗಿ ಹೋಗುವ ಸಂದೇಶಗಳನ್ನು ಮೊದಲ ದಿನವೇ ನಿಲ್ಲಿಸಿಬಿಡಿ. ಅನುದಾನಕ್ಕಾಗಿ ಕಾಯಬೇಡಿ, ವಹಿಯನ್ನೂ ಕೂಡಲೇ ಕಟ್ಟಿಡಬೇಡಿ. ಒಂದು ಹಂಗಾಮು ಎರಡನ್ನೂ ಒಟ್ಟಿಗೆ ನಡೆಸಿ, ತಾಳೆ ಬಿದ್ದ ಮೇಲೆ ನಿರ್ಧರಿಸಿ.

ಪ್ರಶ್ನೆ: ನಾವು ಬಿದ್ರಿ ಕೆಲಸದವರು. ಒಂದು ಕಂಪನಿಯವರು ವೆಬ್‌ಸೈಟ್ ಮಾಡಿಕೊಡಲು 45 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಸಿಂಗಪುರದ ಗಿರಾಕಿಯೊಬ್ಬರು ಎರಡು ಹೂದಾನಿ ಕೇಳಿ, ಯುಪಿಐ ಈಗ ಅಲ್ಲಿಗೂ ಜೋಡಣೆಯಾಗಿದೆ, ಹಾಗೆಯೇ ಹಣ ಕಳಿಸುತ್ತೇನೆ ಎಂದಿದ್ದಾರೆ. ಏನು ಮಾಡಬೇಕು?
— ಕುಶಲಕರ್ಮಿಯೊಬ್ಬರು, ಬೀದರ್

ಉತ್ತರ: ಯುಪಿಐ ಮತ್ತು ಪೇನೌ 2023ರ ಫೆಬ್ರವರಿ 21ರಂದು ಜೋಡಣೆಯಾದದ್ದು ನಿಜ. ಆದರೆ ಆ ದಾರಿ ಮನೆಯವರಿಗೆ, ಬಂಧುಗಳಿಗೆ ಹಣ ಕಳುಹಿಸುವ ವೈಯಕ್ತಿಕ ರವಾನೆಗೆಂದು ಮಾಡಿದ್ದು. ಸರಕಿನ ಬೆಲೆಯನ್ನು ಅದರಲ್ಲಿ ತರಿಸಿಕೊಳ್ಳಬೇಡಿ. ಮಾರಾಟಕ್ಕೆಂದು ಹೊರದೇಶಕ್ಕೆ ಕಳುಹಿಸುವುದು ರಫ್ತು. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಹಣ ನಿಮ್ಮ ಬ್ಯಾಂಕಿನ ಮೂಲಕ ರಫ್ತಿನ ಹಣವೆಂದೇ ಬರಬೇಕು. ಆ ಸಂಖ್ಯೆಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ದ ಸೌಲಭ್ಯ ನಿಮಗೆ ಎಲ್ಲಿ ಹತ್ತಿರ ಎಂದು ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿದರೆ, ಎರಡು ಹೂದಾನಿಯಂಥ ಸಣ್ಣ ಪಾರ್ಸಲಿನ ಕಾಗದಪತ್ರ ಸುಲಭವಾಗುತ್ತದೆ.

ವೆಬ್‌ಸೈಟಿಗೆ 45 ಸಾವಿರ ಕೊಡಬೇಡಿ, ಈಗಲೇ ಅಂತೂ ಬೇಡ. ಸಿಂಗಪುರದಂತೆ ಪರಿಶೀಲಿಸಿದ ಪಟ್ಟಿ ನಮ್ಮಲ್ಲಿಲ್ಲದ ಕಾರಣ ಪರಿಶೀಲನೆಯನ್ನು ನೀವೇ ಮಾಡಬೇಕು: ಅವರು ಹಿಂದೆ ಮಾಡಿಕೊಟ್ಟ ಮೂವರು ವ್ಯಾಪಾರಿಗಳ ಹೆಸರು ಕೇಳಿ, ಆ ಮೂವರಿಗೂ ಫೋನ್ ಮಾಡಿ, ವೆಬ್‌ಸೈಟಿನ ಹೆಸರು ನಿಮ್ಮ ಹೆಸರಿನಲ್ಲಿ ನೋಂದಣಿಯಾಗುತ್ತದೆಯೋ ಅವರ ಹೆಸರಿನಲ್ಲೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅದಕ್ಕಿಂತ ಮುಂಚೆ ಚಿತ್ರ ಸರಿ ಮಾಡಿಕೊಳ್ಳಿ. ಫ್ಲ್ಯಾಶ್ ಹಾಕಿ ತೆಗೆದರೆ ಬೆಳ್ಳಿಯ ಎಳೆ ಬೆಳಕಿನಲ್ಲಿ ಕರಗಿ, ಬೀದರ್ ಕೋಟೆಯ ಮಣ್ಣಿನಿಂದ ಬಂದ ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ ಬಿಳಿ ಪಂಚೆ ಹಾಸಿ ತೆಗೆದುನೋಡಿ. ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನೀವು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿದ್ದರೆ ಆ ಗುರುತು ಪ್ರತಿ ಚಿತ್ರದ ಕೆಳಗೆ ಇರಲಿ. ಸದ್ಯಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಉಚಿತ ಕ್ಯಾಟಲಾಗ್ ಸಾಕು.

ಪ್ರಶ್ನೆ: ಬಸ್ ನಿಲ್ದಾಣದ ಹತ್ತಿರ ನನ್ನದು ಚಹಾದಂಗಡಿ. ತೆರಿಗೆ ನೋಟಿಸ್ ಬರುತ್ತದೆ ಎಂದು ಹೆದರಿಸಿದ್ದರಿಂದ ಕ್ಯೂಆರ್ ಚೀಟಿ ಕಿತ್ತುಹಾಕಿದ್ದೇನೆ. ಸರಿಯೇ?
— ಓದುಗರೊಬ್ಬರು, ಯಾದಗಿರಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮಾಹಿತಿಯನ್ನು ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ತೂಗಿತು. ಮೇಲೆ ಹೇಳಿದ ಸಿಂಗಪುರದಲ್ಲಿ ಹಾಕರುಗಳು ಕ್ಯೂಆರ್ ಒಪ್ಪಲು ಒಂದು ಅನುಕೂಲವಿತ್ತು: ಅಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 10 ಲಕ್ಷ ಸಿಂಗಪುರ ಡಾಲರ್, ಅಂದರೆ ಆರು ಕೋಟಿ ರೂಪಾಯಿಗೂ ಹೆಚ್ಚು ದಾಟಿದಾಗ. ನಮ್ಮಲ್ಲಿ ಸರಕು ಮಾರುವವರಿಗೆ 40 ಲಕ್ಷ, ಚಹಾ ಮಾಡಿಕೊಡುವ ನಿಮ್ಮಂಥ ಸೇವೆಯವರಿಗೆ 20 ಲಕ್ಷ ರೂಪಾಯಿ ಮಿತಿ. ಈ ಅಂತರವನ್ನು ಯಾರೂ ಅಂಗಡಿಯವರಿಗೆ ಬಿಡಿಸಿ ಹೇಳದೆ ಚೀಟಿ ಮಾತ್ರ ಅಂಟಿಸಿ ಹೋದದ್ದು ತಪ್ಪು ಎಂದೇ ನಾನು ಹೇಳುತ್ತೇನೆ.

ಆದರೂ ಚೀಟಿ ಕಿತ್ತು ಪ್ರಯೋಜನವಿಲ್ಲ, ಏಕೆಂದರೆ ಆ ಮಿತಿಗೆ ನಗದು ವ್ಯಾಪಾರವೂ ಸೇರುತ್ತದೆ. ಇಪ್ಪತ್ತು ಲಕ್ಷವೆಂದರೆ ದಿನಕ್ಕೆ ಸುಮಾರು 5,500 ರೂಪಾಯಿ. ಒಂದು ವಾರದ ಗಲ್ಲಾ ಎಣಿಸಿದರೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ಕೆಳಗಿದ್ದರೆ ಚೀಟಿಯನ್ನು ಮತ್ತೆ ಅಂಟಿಸಿ. ಮೇಲಿದ್ದರೆ ಒಂದೂವರೆ ಕೋಟಿವರೆಗಿನ ವಹಿವಾಟಿಗೆ, ಒಟ್ಟು ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ ಪದ್ಧತಿ ಇದೆ, ಹೋಟೆಲಿನವರಿಗೆ ಶೇ 5. ತೆರಿಗೆ ಸಲಹೆಗಾರರನ್ನು ಕಂಡು ನೋಂದಣಿ ಮಾಡಿಸಿ. ಮಿತಿಯ ಕೆಳಗಿರಲಿ, ಮೇಲಿರಲಿ, ಅಂಗಡಿಯ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮಗ ಪುಣೆಯಿಂದ ಕಳಿಸಿದ ಹಣ, ಮಾವನವರು ಹಿಂದಿರುಗಿಸಿದ ಕೈಗಡ, ಹೊಲದ ಕೌಲು ಎಲ್ಲವೂ ಚಹಾದ ಕ್ಯೂಆರ್ ಖಾತೆಗೇ ಬಂದು ಬೀಳುತ್ತಿದ್ದರೆ, ಮೊತ್ತ ನೋಡಿದ ಅಧಿಕಾರಿಗೆ ಅದೆಲ್ಲ ಚಹಾದಂತೆಯೇ ಕಾಣುತ್ತದೆ.