ಹದಿಹರೆಯದ ಕೊಲೆಗಾರನ ಶಿಕ್ಷೆ ಮತ್ತು ಊರಿನ ಸಿಟ್ಟು

ಪ್ರಶ್ನೆ: ಹದಿನಾರರ ಹುಡುಗನೊಬ್ಬ ಕೊಲೆ ಮಾಡಿದಾಗ, ಶಿಕ್ಷೆ ಕಡಿಮೆಯಾಯಿತೆಂದು ಜನ ಕುದಿಯುವುದು ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ತೀರ್ಪಿನ ದಿನ ಮಗಳ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ನ್ಯಾಯಾಲಯದ ಬೆಂಚಿನ ಮೇಲೆ ಕೂತ ತಾಯಿಗೆ ಎಷ್ಟು ವರ್ಷದ ಸೆರೆವಾಸವೂ ಸಾಲದು. ಆ ಸಂಕಟವನ್ನು ಬರೀ ಸೇಡು ಎಂದು ಕರೆಯುವುದು ನನಗೆ ಕ್ರೂರವೆನಿಸುತ್ತದೆ. ಆದರೆ 18 ತುಂಬುವ ಮೊದಲು ಎಸಗಿದ ಅಪರಾಧಕ್ಕೆ ಮರಣದಂಡನೆಯಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಶಿಕ್ಷೆಯಾಗಲಿ ಕೂಡದೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಇಂಥವರಿಗೆ ಮರಣದಂಡನೆಯನ್ನು 2005ರಲ್ಲಿ ರದ್ದುಮಾಡಿದ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಕಾರಣಗಳಲ್ಲಿ ಒಂದು, ಆ ವಯಸ್ಸಿನಲ್ಲಿ ಸ್ವಭಾವವಿನ್ನೂ ಗಟ್ಟಿಯಾಗಿರುವುದಿಲ್ಲ ಎಂಬುದು. ನಾನು ಖಂಡಿಸುವುದು ಒಂದನ್ನೇ: ಆತನ ಮನೆಗೆ ಕಲ್ಲು ತೂರಿ, ಏನೂ ಅರಿಯದ ತಂಗಿ ಶಾಲೆ ಬಿಡುವಂತೆ ಮಾಡುವುದನ್ನು.