ಓದುಗರ ಪ್ರಶ್ನೆ: ಸಾಲಿನ ಕೊನೆಗೆ ಬಂದು ನಿಲ್ಲುವ ಟೈಪ್‌ರೈಟರ್ ಕ್ಯಾರೇಜ್

ಪ್ರಶ್ನೆ: ದಸ್ತಾವೇಜು ಬರಹಗಾರರಾಗಿದ್ದ ನಮ್ಮ ತಂದೆಯವರ ದೊಡ್ಡ ಟೈಪ್‌ರೈಟರನ್ನು ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿ, ಕ್ಯಾರೇಜ್ (ಕಾಗದವನ್ನು ಹಿಡಿದು ಸಾಲಿನುದ್ದಕ್ಕೂ ಸರಿಯುವ ಭಾಗ) ಓಡುವ ಹಳಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಈಗ ಸಾಲಿನ ಆರಂಭದಲ್ಲಿ ಸರಾಗವಾಗಿ ಓಡುವ ಕ್ಯಾರೇಜ್ ಸಾಲು ಮುಗಿಯುವ ಹೊತ್ತಿಗೆ ನಿಂತುಬಿಡುತ್ತದೆ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಬೆಳಗಿನ ಹೊತ್ತು ಈ ತೊಂದರೆ ಹೆಚ್ಚು, ಮಧ್ಯಾಹ್ನ ಕಡಿಮೆ. ಸ್ಪ್ರಿಂಗ್ ಬದಲಾಯಿಸಬೇಕೇ?
— ಓದುಗರು, ಶಿರಸಿ

ಉತ್ತರ: ಸ್ಪ್ರಿಂಗನ್ನು ಸದ್ಯಕ್ಕೆ ಮುಟ್ಟಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುವ ಎಣ್ಣೆ ನಿಮ್ಮ ಯಂತ್ರದ ಹಳಿಯಲ್ಲಿಯೂ ಹಾಗೆಯೇ ಗಟ್ಟಿಯಾಗುತ್ತಿದೆ ಮತ್ತು ಬಿಸಿಲೇರಿದ ಮೇಲೆ ಸಡಿಲವಾಗುತ್ತಿದೆ. ಇದರ ಜೊತೆಗೆ ಅಟ್ಟದ ದೂಳು ಮತ್ತು ಹಿಂದಿನ ಮೆಕ್ಯಾನಿಕ್‌ಗಳು ಬಿಟ್ಟ ಎಣ್ಣೆಯ ಅಂಟು ಸೇರಿದರೆ ಕ್ಯಾರೇಜ್ ಓಡದಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಿದ್ದರೆ ಸಾಲಿನ ಕೊನೆಯಲ್ಲಿಯೇ ಏಕೆ ನಿಲ್ಲುತ್ತದೆ ಎಂದು ನೀವು ಕೇಳಬಹುದು. ಯಂತ್ರದೊಳಗಿನ ಒಂದು ಡ್ರಮ್ಮಿನಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ. ಡ್ರಮ್ಮಿಗೆ ಸುತ್ತಿದ ಪಟ್ಟಿ ಅಥವಾ ದಾರ ಕ್ಯಾರೇಜನ್ನು ಸದಾ ಎಡಕ್ಕೆ ಎಳೆಯುತ್ತಿರುತ್ತದೆ. ಹೊಸ ಸಾಲಿಗಾಗಿ ನೀವು ಕ್ಯಾರೇಜನ್ನು ಬಲಕ್ಕೆ ತಳ್ಳಿದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಟೈಪು ಮಾಡುತ್ತ ಹೋದಂತೆ ಸಡಿಲವಾಗುತ್ತದೆ. ಆದ್ದರಿಂದ ಎಳೆತ ಸಾಲಿನ ಆರಂಭದಲ್ಲಿ ಅತಿ ಹೆಚ್ಚು, ಕೊನೆಯಲ್ಲಿ ಅತಿ ಕಡಿಮೆ. ಹಳಿಯ ಅಂಟು ಉದ್ದಕ್ಕೂ ಒಂದೇ ಸಮವಾಗಿದ್ದರೂ, ಎಳೆತ ಸೋಲುವುದು ಕೊನೆಯ ಹತ್ತಿಪ್ಪತ್ತು ಅಕ್ಷರಗಳಲ್ಲಿ. ಇದನ್ನು ನೋಡಿ ಸ್ಪ್ರಿಂಗ್ ಸತ್ತಿದೆ ಎಂದುಕೊಂಡು ಇನ್ನಷ್ಟು ಬಿಗಿ ಮಾಡುವವರೇ ಹೆಚ್ಚು. ಆಗ ಕ್ಯಾರೇಜ್ ಓಡುತ್ತದೆ ನಿಜ, ಆದರೆ ಅಕ್ಷರಗಳ ನಡುವೆ ಜಾಗ ಬಿಟ್ಟು ಹಾರತೊಡಗುತ್ತದೆ.

ದೋಷ ಎಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕಾಗದ ತೆಗೆದು, ಕ್ಯಾರೇಜನ್ನು ಪೂರ್ತಿ ಬಲಕ್ಕೆ ತಂದು, ಅದರ ತುದಿಯಲ್ಲಿರುವ ಬಿಡುಗಡೆಯ ಸನ್ನೆಯನ್ನು ಒತ್ತಿ, ಇನ್ನೊಂದು ಕೈಯಿಂದ ಗುಬುಟನ್ನು ಹಿಡಿದುಕೊಂಡು ಮೆಲ್ಲಗೆ ಎಡಕ್ಕೆ ಹೋಗಲು ಬಿಡಿ. ಕೈಬಿಡಬಾರದು, ರಭಸದಿಂದ ಹೋಗಿ ಬಡಿದರೆ ಪಟ್ಟಿಯೇ ತುಂಡಾಗಬಹುದು. ಹೀಗೆ ಬಿಟ್ಟಾಗಲೂ ಅದು ಎಡತುದಿಯ ಹತ್ತಿರ ಮಂದವಾದರೆ ದೋಷ ಹಳಿಯಲ್ಲಿ ಅಥವಾ ಎಳೆತದಲ್ಲಿದೆ. ಸರಾಗವಾಗಿ ಹೋಗಿ, ಕೀಲಿ ಒತ್ತಿದಾಗ ಮಾತ್ರ ಸಿಕ್ಕಿಕೊಂಡರೆ ದೋಷವಿರುವುದು ಎಸ್ಕೇಪ್‌ಮೆಂಟಿನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಒಂದೊಂದೇ ಹಲ್ಲು ಮುಂದೆ ಬಿಡುವ ಚಕ್ರ ಮತ್ತು ಕೊಕ್ಕೆಗಳ ಜೋಡಣೆಯಲ್ಲಿ. ಇನ್ನೊಂದು ಉಪಾಯವೂ ಇದೆ: ಯಂತ್ರದ ಬಲಬದಿಗೆ ದಪ್ಪ ಪುಸ್ತಕವೊಂದನ್ನು ಕೊಟ್ಟು ವಾಲಿಸಿ ಟೈಪು ಮಾಡಿ. ಆಗ ಕ್ಯಾರೇಜಿನ ತೂಕವೇ ಸ್ಪ್ರಿಂಗಿಗೆ ನೆರವಾಗುತ್ತದೆ. ಸಾಲು ಕೊನೆಯವರೆಗೆ ಸರಿಯಾಗಿ ಹೋದರೆ ಎಸ್ಕೇಪ್‌ಮೆಂಟ್ ಆರೋಗ್ಯವಾಗಿದೆ ಎಂದು ತಿಳಿಯಿರಿ.

ನಿಮ್ಮ ವಿವರಣೆಯ ಪ್ರಕಾರ ಹಳಿಯನ್ನು ಶುಚಿ ಮಾಡಿದರೆ ಸಾಕಾಗಬೇಕು. ಹತ್ತಿಬಟ್ಟೆಯ ತೆಳುವಾದ ಪಟ್ಟಿಯನ್ನು ಬಿದಿರಿನ ಕಡ್ಡಿಗೆ ಸುತ್ತಿ, ವೈಟ್ ಪೆಟ್ರೋಲಿನಲ್ಲಿ (ಶುಚಿಗೊಳಿಸಲು ಬಳಸುವ ತಿಳಿಯಾದ ಪೆಟ್ರೋಲ್) ಅದ್ದಿ ಹಿಂಡಿ, ಕ್ಯಾರೇಜನ್ನು ಒಮ್ಮೆ ಪೂರ್ತಿ ಬಲಕ್ಕೂ ಒಮ್ಮೆ ಪೂರ್ತಿ ಎಡಕ್ಕೂ ಸರಿಸಿ, ಹೊರಗೆ ಕಾಣುವ ಹಳಿಯ ಭಾಗವನ್ನು ಉಜ್ಜಿ. ಮೊದಲ ಬಟ್ಟೆಯ ಮೇಲೆ ಕಂದುಬಣ್ಣದ ಜಿಗುಟು ಬರುತ್ತದೆ. ಬಟ್ಟೆ ಬೆಳ್ಳಗೆ ಬರುವವರೆಗೆ ಬದಲಾಯಿಸುತ್ತ ಇರಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ರಬ್ಬರಿನ ಉರುಳೆಗೂ ಬಣ್ಣ ಬಳಿದ ಭಾಗಗಳಿಗೂ ಪೆಟ್ರೋಲ್ ತಾಗಬಾರದು. ಸೀಮೆಎಣ್ಣೆ ಬೇಡ, ಅದು ಒಣಗಿದ ಮೇಲೂ ಜಿಡ್ಡು ಉಳಿಸುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಗಳೂ ಬೇಡ. ಅವು ಅಂದಿಗೆ ಸಲೀಸು ಮಾಡಿ, ಆಮೇಲೆ ದೂಳನ್ನು ಹಿಡಿದು ಮತ್ತೆ ಅಂಟಾಗುತ್ತವೆ. ಪೂರ್ತಿ ಒಣಗಿದ ನಂತರ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಹಳಿಗೆ ಒಂದೆರಡು ಹನಿ ಮಾತ್ರ ಮುಟ್ಟಿಸಿ, ಕ್ಯಾರೇಜನ್ನು ಹತ್ತಾರು ಸಲ ಆಚೀಚೆ ಓಡಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಅಚ್ಚಿನ ಕಡ್ಡಿಗಳು ಕೂರುವ ಸೀಳುಗಳಿಗೆ ಎಣ್ಣೆಯನ್ನು ಎಂದಿಗೂ ಬಿಡಬಾರದು. ಇನ್ನೂ ಚೆನ್ನಾಗಿ ತೊಳೆಯೋಣ ಎಂಬ ಉತ್ಸಾಹದಲ್ಲಿ ಕ್ಯಾರೇಜನ್ನೇ ಹೊರಗೆ ಎಳೆಯಬೇಡಿ: ಹಳಿಯೊಳಗಿನ ಉಕ್ಕಿನ ಗುಂಡುಗಳು ಉರುಳಿ ಮಂಚದ ಕೆಳಗೆ ಸೇರಿದರೆ ಅವನ್ನು ಹುಡುಕುವುದಕ್ಕಿಂತಲೂ ಮತ್ತೆ ಕೂರಿಸುವುದು ಕಷ್ಟ.

ಇಷ್ಟಾದ ಮೇಲೂ ಕೊನೆಯಲ್ಲಿ ನಿಂತರೆ ಮಾತ್ರ ಸ್ಪ್ರಿಂಗಿನ ಸರದಿ. ಡ್ರಮ್ಮಿನ ಬಳಿಯ ಹಲ್ಲುಚಕ್ರ ಅಥವಾ ತಿರುಪಿನಿಂದ ಸ್ವಲ್ಪವೇ ಬಿಗಿ ಮಾಡಿ, ಒಂದು ಸಾಲು ಟೈಪು ಮಾಡಿ ನೋಡಿ, ಬೇಕಾದರೆ ಇನ್ನಷ್ಟು ಬಿಗಿ ಮಾಡಬೇಕು. ಹಿಡಿತ ತಪ್ಪಿದರೆ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಬೆರಳನ್ನು ಗಾಯಗೊಳಿಸಬಲ್ಲದು. ಧೈರ್ಯವಿಲ್ಲದಿದ್ದರೆ ಈ ಒಂದು ಕೆಲಸವನ್ನು ಬಲ್ಲವರಿಗೆ ಬಿಡುವುದೇ ಲೇಸು.

ಪ್ರಶ್ನೆ: ನನ್ನ ಯಂತ್ರದ ಕ್ಯಾರೇಜ್ ಪ್ರತಿ ಸಾಲಿನಲ್ಲಿಯೂ ಕರಾರುವಾಕ್ಕಾಗಿ ಒಂದೇ ಜಾಗದಲ್ಲಿ, ಸಾಲಿನ ನಡುವೆಯೇ ತಡೆಯುತ್ತದೆ. ಇದೂ ಜಿಡ್ಡಿನಿಂದಲೇ?
— ಓದುಗರು, ಪುತ್ತೂರು

ಉತ್ತರ: ಅಲ್ಲ. ಒಂದೇ ಜಾಗವೆಂದರೆ ಅಲ್ಲಿ ಏನೋ ಅಡ್ಡವಿದೆ. ಬಲಗಡೆಯ ಮಾರ್ಜಿನ್ ಸ್ಟಾಪ್, ಅಂದರೆ ಸಾಲು ಎಲ್ಲಿ ಮುಗಿಯಬೇಕೆಂದು ನಿಗದಿಪಡಿಸುವ ತಡೆ, ಒಳಕ್ಕೆ ಸರಿದಿದೆಯೇ ನೋಡಿ. ಮಾರ್ಜಿನ್ ಬಿಡುಗಡೆಯ ಕೀಲಿ ಒತ್ತಿದಾಗ ಕ್ಯಾರೇಜ್ ಮುಂದೆ ಹೋದರೆ ಕಾರಣ ಅದೇ. ಇಲ್ಲವಾದರೆ ಟಾರ್ಚ್ ಹಿಡಿದು ಹಿಂಬದಿಯಿಂದ ಪರೀಕ್ಷಿಸಿ. ಹಳೆಯ ಕಚೇರಿ ಯಂತ್ರಗಳಲ್ಲಿ ಗುಂಡುಪಿನ್ನು, ಕಾಗದದ ಕ್ಲಿಪ್ಪು, ರಬ್ಬರಿನ ಚೂರು ಸಿಗುವುದು ಮಾಮೂಲು. ಕರಾವಳಿಯ ತೇವಕ್ಕೆ ಹಳಿಯ ಆ ಒಂದು ಭಾಗ ತುಕ್ಕು ಹಿಡಿದಿರುವುದೂ ಉಂಟು. ಯಂತ್ರ ಎಂದಾದರೂ ಬಿದ್ದಿದ್ದರೆ ಹಳಿ ಬಾಗಿರಬಹುದು ಅಥವಾ ಕ್ಯಾರೇಜಿನ ಕೆಳಗಿನ ಹಲ್ಲಿನ ಪಟ್ಟಿಯಲ್ಲಿ ಒಂದು ಹಲ್ಲು ಸವೆದಿರಬಹುದು. ಅದು ಮನೆಯಲ್ಲಿ ಮಾಡುವ ರಿಪೇರಿಯಲ್ಲ.

ಪ್ರಶ್ನೆ: ಹೊಸದಾಗಿ ಕೊಂಡ ಹಳೆಯ ಪೋರ್ಟಬಲ್ ಯಂತ್ರದ ಕ್ಯಾರೇಜ್ ಯಾವ ಕಡೆಗೂ ಅಲುಗಾಡುತ್ತಿಲ್ಲ. ಬಲವಾಗಿ ತಳ್ಳಬಹುದೇ?
— ಓದುಗರು, ಧಾರವಾಡ

ಉತ್ತರ: ತಳ್ಳಬೇಡಿ. ಪ್ರಯಾಣದಲ್ಲಿ ಕ್ಯಾರೇಜ್ ಅಲುಗದಂತೆ ಇಂಥ ಯಂತ್ರಗಳಲ್ಲಿ ಒಂದು ಬೀಗವಿರುತ್ತದೆ. ಕ್ಯಾರೇಜಿನ ತುದಿಯಲ್ಲೋ ಕೀಲಿಮಣೆಯ ಪಕ್ಕದಲ್ಲೋ ಇರುವ ಆ ಚಿಕ್ಕ ಸನ್ನೆಯನ್ನು ಹುಡುಕಿ ಸರಿಸಿ. ಬೀಗ ಬಿಟ್ಟ ಮೇಲೆ ಕ್ಯಾರೇಜ್ ಕೈಗೆ ಆಚೀಚೆ ಸಡಿಲವಾಗಿ ಓಡಿ, ಕೀಲಿ ಒತ್ತಿದರೆ ಮಾತ್ರ ಮುಂದೆ ಹೋಗದಿದ್ದರೆ ಎಳೆಯುವ ದಾರ ಕಳಚಿದೆ ಅಥವಾ ತುಂಡಾಗಿದೆ ಎಂದರ್ಥ. ಮೀನು ಹಿಡಿಯಲು ಬಳಸುವ ಹೆಣೆದ ನೈಲಾನ್ ದಾರ ಅದಕ್ಕೆ ಚೆನ್ನಾಗಿ ಒದಗುತ್ತದೆ.